ಎರಡು ಸಂಘ ಸೇರಿಸಿ ಬೈಸಿಕೊಂಡೆ

“ಲೋ, ಮೊದ್ಲು ಇವರನ್ನ ಎಬ್ಬಿಸಿ ಕಳ್ಸೋ. ಕೈಸನ್ನೆ ಮಾಡ್ಕೊಂಡು ನಮ್ಮನ್ನೇ ಆಡ್ಕೋತಿದಾರೆ,” ಎಂದು ನಿವೃತ್ತ ಶಿರಸ್ತೇದಾರರು ಊರುಗೋಲನ್ನು ನನ್ನ ಮೂಗಿನ ಹತ್ತಿರಕ್ಕೇ ತಂದರು.

ದೊಡ್ಡಬಳ್ಳಾಪುರದಲ್ಲಿ ನಿವೃತ್ತ ನೌಕರರ ಸಂಘಕ್ಕೆ ಕೋಣೆ ಇತ್ತು, ಟಿ.ವಿ. ಇರಲಿಲ್ಲ. ಮಗ್ಗದ ಕೆಲಸ ಬಿಟ್ಟ ನಮ್ಮ ತಾತನ ಗುಂಪಿನ ಹತ್ತಿರ ಟಿ.ವಿ. ಇತ್ತು, ಇಡಲು ಜಾಗವಿರಲಿಲ್ಲ. ನಾನು ದೇಶವನ್ನೇ ಒಂದು ಮಾಡುವವನ ಹಾಗೆ ಎದೆಯುಬ್ಬಿಸಿ ಎರಡನ್ನೂ ಸೇರಿಸಿಬಿಟ್ಟೆ. ಪವರ್‌ಲೂಮ್ ಸದ್ದಿನಲ್ಲಿ ಏನೂ ಕೇಳಿಸದೆ ನಮ್ಮವರು ಜೀವನಪೂರ್ತಿ ತುಟಿಯಲ್ಲಿ, ಕೈಯಲ್ಲಿ ಮಾತಾಡಿದವರು. ಮಗ್ಗ ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ. ಅದನ್ನು ಶಿರಸ್ತೇದಾರರಿಗೆ ವಿವರಿಸಲು ಹೋಗಿ ನಾನೂ ಕೈ ಆಡಿಸಿದೆ. ಅವರು ಇನ್ನಷ್ಟು ಕೆಂಪಾದರು.

ಸಂಘ ಮೊದಲ ದಿನವೇ ಒಡೆಯಿತೆಂದು ಸಿಟ್ಟಿನಿಂದ ಟಿ.ವಿ. ವೈರು ಕಿತ್ತೆ. ಅಷ್ಟರಲ್ಲಿ ಶಿರಸ್ತೇದಾರರ ಕಡೆಯ ಹೆಡ್‌ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದು ತಾತನ ಎದುರು ಕೂತರು. ಕಿವಿ ಪೂರ್ತಿ ಹೋಗಿ, ವರ್ಷಗಳಿಂದ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದವರು ಅವರು. ತಾತ ತುಟಿ ಆಡಿಸಿ, ಕೈ ತಿರುಗಿಸಿ ಏನೋ ಹೇಳಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಶಿರಸ್ತೇದಾರ್ರೇ, ನಿಮ್ಮ ಮಾತು ನನಗೆ ಕೇಳ್ಸಲ್ಲ. ಇವರ ಮಾತು ಕಾಣ್ಸುತ್ತೆ,” ಎಂದವರು ನನ್ನ ಕಡೆ ತಿರುಗಿ, “ವೈರು ಹಾಕಪ್ಪಾ,” ಎಂದರು.

ಸಂಘ ಉಳಿಯಿತು. ಈಗ ಟಿ.ವಿ. ಕೆಟ್ಟರೆ ಎಲ್ಲರೂ ನನ್ನನ್ನೇ ಬೈಯುತ್ತಾರೆ, ಅರ್ಧ ಜನ ಬಾಯಲ್ಲಿ, ಅರ್ಧ ಜನ ಕೈಯಲ್ಲಿ. ಕೈಯಲ್ಲಿ ಬೈಯುವವರಲ್ಲಿ ಮೇಷ್ಟ್ರೇ ಮುಂದು.