ಕಾಗದದ ಕಲೆ, ಮುಖದ ಕಲೆ

ನನ್ನ ಗಂಡ ಬಾಳ್ಳುಪೇಟೆಯ ಹೆದ್ದಾರಿ ಬದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆ, ನಾಮಕರಣದ ಕೆಲಸ ಎಲ್ಲರಿಗೂ ಸಿಗುತ್ತದೆ. ಸುತ್ತಲಿನ ಊರಿನವರು ಇವರನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ತೀರಿಕೊಂಡವರ ಫೋಟೋ ಮಾಡಿಸಲು. ಮದುವೆ ಗುಂಪಿನ ಮೂಲೆಯಲ್ಲಿ ಅರ್ಧ ಕಾಣುವ ಮುಖ, ರೇಷನ್ ಕಾರ್ಡಿನ ಮಸುಕು ಮುಖ, ಏನು ತಂದರೂ ಅದರಿಂದ ಗೋಡೆಗೆ ಹಾಕುವಂಥ ಒಂದು ಚಿತ್ರ ಮಾಡಿಕೊಡುತ್ತಿದ್ದರು. ಹೋದ ವರ್ಷ ಕಾಫಿ ಹೂ ಬಿಡುವ ಹೊತ್ತಿಗೆ ಅವರೇ ತೀರಿಕೊಂಡರು.

ಎರಡು ತಿಂಗಳು ಷಟರ್ ಎತ್ತಲಿಲ್ಲ. ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಿಟ್ಟುಕೊಡೋಣ ಎಂದು ಮೈದುನ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಪಿಯುಸಿವರೆಗೆ ಓದಿದವಳು. ಅಂಗಡಿಯಲ್ಲಿ ಫ್ರೇಮ್ ಕೂರಿಸುತ್ತಿದ್ದೆ, ಅಷ್ಟೇ. ಕಂಪ್ಯೂಟರ್ ಮುಂದೆ ಅವರ ಕೈ ಏನು ಮಾಡುತ್ತಿತ್ತು ಎಂದು ನೋಡಿದವಳಲ್ಲ. ಆದರೂ ಗೌರಿ ಹಬ್ಬದವರೆಗೆ ಸಮಯ ಕೊಡು ಎಂದೆ.

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅವರ ಗೆಳೆಯರು ಬಂದು, ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಒಂದು ಎಐ ಏಜೆಂಟ್ ಜೋಡಿಸಿಕೊಟ್ಟರು. ಏಜೆಂಟ್ ಎಂದರೆ ನಮ್ಮ ಕಡೆ ಕಾಫಿ ಕೊಳ್ಳುವವನು, ಇಲ್ಲವೇ ವಿಮೆ ಮಾಡಿಸುವವನು. ಇದು ಹಾಗಲ್ಲ, ನಾವು ಹೇಳಿದ ಕೆಲಸ ಕೇಳಿಕೊಂಡು ಬೇಕಾದ ಟೂಲನ್ನು ತಾನೇ ಆರಿಸಿ ನಡೆಸುತ್ತದೆ. ಒಂದೊಂದು ಟೂಲಿಗೂ ಒಂದು ಹೆಸರು, ಅದರ ಕೆಳಗೆ ಅದು ಏನು ಮಾಡುತ್ತದೆ ಎಂಬ ವಿವರಣೆ ಇರುತ್ತದೆ. ಆ ವಿವರಣೆಯನ್ನು ಓದಿಯೇ ಏಜೆಂಟ್ ಟೂಲ್ ಆರಿಸುವುದು. ಇಂಗ್ಲಿಷಿನಲ್ಲಿದ್ದದ್ದು ನನ್ನ ತಲೆಗೆ ಹತ್ತಲಿಲ್ಲ. ಕನ್ನಡದಲ್ಲೇ ಬರೆಯಿರಿ, ಅದಕ್ಕೆ ತಿಳಿಯುತ್ತದೆ, ಹೊಸದಾಗಿ ಬಂದ ಸೊಸೆಗೆ ಗೊತ್ತಾಗಲೆಂದು ಅಡುಗೆಮನೆ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹಾಗೆ ಅಂದುಕೊಳ್ಳಿ ಎಂದರು. ನಾನು ಚೀಟಿಯಷ್ಟೇ ಚಿಕ್ಕದಾಗಿ ಬರೆದೆ. ಒಂದು ಟೂಲಿಗೆ ಬರೆದದ್ದು ಎರಡೇ ಪದ: ಕಲೆ ತೆಗೆಯುತ್ತದೆ.

ಅದೇ ವಾರ ಪಾಳ್ಯದ ಕಡೆಯ ಹೆಂಗಸೊಬ್ಬರು ತಾಯಿಯ ಫೋಟೋ ತಂದರು. ತಾಯಿ ತೀರಿಕೊಂಡು ಆರು ದಿನವಾಗಿತ್ತು. ಹನ್ನೊಂದನೆಯ ದಿನಕ್ಕೆ ಫೋಟೋ ಬೇಕಿತ್ತು. ಮೊಮ್ಮಗಳ ಮದುವೆಯಲ್ಲಿ ತೆಗೆದದ್ದು, ಇದ್ದದ್ದು ಅದೊಂದೇ. ಟ್ರಂಕಿನಲ್ಲಿ ನೀರು ಬಿದ್ದು ಹಣೆಯವರೆಗೂ ಕಂದು ಕಲೆ ಹರಡಿತ್ತು. ಕಲೆ ತೆಗೆದು ಚೆನ್ನಾಗಿ ಮಾಡು ಎಂದು ಏಜೆಂಟಿಗೆ ಹೇಳಿದೆ. ನಾನು ಕಾಫಿ ಕುಡಿದು ಮುಗಿಸುವುದರೊಳಗೆ ಆಗಿತ್ತು. ಮಾರನೆಯ ದಿನ ಫ್ರೇಮ್ ಹಾಕಿ ಕೊಟ್ಟೆ.

ಆಕೆ ಬಹಳ ಹೊತ್ತು ನೋಡಿದರು.

“ಅಕ್ಕ, ಇದ್ಯಾರು?”

ನಾನು ಉತ್ತರ ಕೊಡುವ ಮೊದಲೇ ಫೋಟೋವನ್ನು ಗಾಜಿನ ಮೇಜಿನ ಮೇಲಿಟ್ಟರು. “ಹಣೆ ಮ್ಯಾಲಿನ ಹಚ್ಚೆ ಎಲ್ಲೋಯ್ತು? ಕೆನ್ನೆ ಮ್ಯಾಲೆ ಸುಟ್ಟ ಗಾಯ ಇತ್ತು, ಅದೂ ಇಲ್ಲ. ನಮ್ಮವ್ವನ್ನ ತೊಳ್ದೇ ಬುಟ್ಟಿದ್ದೀರಲ್ಲ.”

ಆಕೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅಣ್ಣೋರು ಇದ್ದಿದ್ದರೆ ಕೇಳಿಕೊಂಡು ಮಾಡುತ್ತಿದ್ದರು ಎಂದರು. ಸಕಲೇಶಪುರದಲ್ಲಿ ಮಾಡಿಸುತ್ತೇನೆ ಎಂದು ಹಳೆಯ ಫೋಟೋ ವಾಪಸು ಕೇಳಿದರು. ಎರಡು ದಿನ ನನ್ನ ಹತ್ತಿರವೇ ಇರಲಿ ಎಂದು ಬೇಡಿಕೊಂಡೆ. ಇದೊಂದು ಮುಖ ಸರಿಮಾಡಲು ಆಗದಿದ್ದರೆ ಮೈದುನ ಹೇಳಿದ ಹಾಗೆ ಅಂಗಡಿ ಬಿಟ್ಟುಕೊಡುವುದೇ ಸರಿ ಎಂದು ನನಗೆ ಅನ್ನಿಸಿತ್ತು.

ಹಾಸನದ ಆ ಗೆಳೆಯರಿಗೆ ಫೋನ್ ಮಾಡಿದೆ. “ಅದ್ರದ್ದೇನು ತಪ್ಪಿಲ್ಲ ಅತ್ಗೆ. ಕಲೆ ತೆಗಿ ಅಂದ್ರಿ, ತೆಗ್ದೈತೆ” ಎಂದರು. ಹೆದರಿಕೆಯಾದರೆ ಆ ಟೂಲನ್ನೇ ಪಟ್ಟಿಯಿಂದ ಕಿತ್ತುಹಾಕಿ ಎಂದೂ ಹೇಳಿದರು. ಕಿತ್ತರೆ ನೀರಿನ ಕಲೆಯೂ ಉಳಿಯುತ್ತದೆ. ಕೀಳಲಿಲ್ಲ.

ನೀರು ಬಿದ್ದದ್ದೂ ಕಲೆ, ಸುಟ್ಟದ್ದೂ ಕಲೆ. ನನ್ನ ಗಂಡ ಎರಡನ್ನೂ ಹೇಗೆ ಬೇರೆ ಮಾಡುತ್ತಿದ್ದರು ಎಂದು ಯೋಚಿಸುತ್ತಾ ಕುಳಿತಾಗ ಒಂದು ಮಾತು ನೆನಪಾಯಿತು. ಕಂಪ್ಯೂಟರ್ ಆನ್ ಮಾಡುವ ಮೊದಲು ಫೋಟೋವನ್ನು ಮನೆಯವರ ಕಡೆ ತಿರುಗಿಸಿ ಕೇಳುತ್ತಿದ್ದರು: “ಇದ್ರಲ್ಲಿ ಏನ್ ಮುಟ್ಬಾರ್ದು, ಮೊದ್ಲು ಹೇಳ್ಬುಡಿ.” ಪಕ್ಕದಲ್ಲೇ ಫ್ರೇಮಿಗೆ ಮೊಳೆ ಹೊಡೆಯುತ್ತಾ ವರ್ಷಗಟ್ಟಲೆ ಕೇಳಿದ್ದೇನೆ. ಬಂದವರೊಡನೆ ಆಡುವ ಉಪಚಾರದ ಮಾತು ಅಂದುಕೊಂಡಿದ್ದೆ. ಅದೂ ಕೆಲಸವೇ ಎಂದು ಆವತ್ತು ತಿಳಿಯಿತು.

ಆ ಟೂಲಿನ ವಿವರಣೆಯನ್ನು ಬದಲಿಸಲು ಕೂತು, ಮೊದಲು “ಬೇಡದ ಕಲೆ ತೆಗೆಯುತ್ತದೆ” ಎಂದು ಬರೆದೆ. ಯಾರಿಗೆ ಬೇಡದ್ದು? ಅಳಿಸಿದೆ. ನಾಲ್ಕು ಸಲ ತಿದ್ದಿದ ಮೇಲೆ ಹೀಗಾಯಿತು:

“ಹೆಸರು: ಕಾಗದದ ಕಲೆ ತೆಗೆ. ಕಾಗದಕ್ಕೆ ಆದದ್ದನ್ನು ಮಾತ್ರ ತೆಗೆಯುತ್ತದೆ: ನೀರಿನ ಕಲೆ, ಬೂಷ್ಟು, ಗೀರು, ಮಡಚಿದ ಗೆರೆ. ಮನುಷ್ಯರ ಮೈಮೇಲಿನದಕ್ಕೆ ಇದನ್ನು ಬಳಸಬೇಡ: ಹಚ್ಚೆ, ಮಚ್ಚೆ, ಗಾಯದ ಗುರುತು, ಸುಕ್ಕು. ಯಾವುದೆಂದು ತಿಳಿಯದಿದ್ದರೆ ನಿಲ್ಲಿಸಿ ಕೇಳು. ಉತ್ತರ ಬರುವವರೆಗೆ ಮುಟ್ಟಬೇಡ.”

ಹಳೆಯ ಫೋಟೋದಿಂದಲೇ ಮತ್ತೆ ಶುರು ಮಾಡಿಸಿದೆ. ಈ ಸಲ ಕೆನ್ನೆಯ ಗಾಯ ಉಳಿಯಿತು. ಹಣೆಗೆ ಬಂದಾಗ ಕೆಲಸ ನಿಂತು ಪ್ರಶ್ನೆ ಬಂತು: “ಹಣೆಯ ಮೇಲೆ ಐದು ಚುಕ್ಕೆಗಳಿವೆ. ಎಡಗಡೆಯ ಎರಡು ನೀರಿನ ಕಲೆಯೊಳಗಿವೆ. ಅವು ಕಾಗದದವೇ, ಮುಖದವೇ?” ಭೂತಗನ್ನಡಿ ಹಿಡಿದು ನೋಡಿದೆ. ನನಗೂ ಹೇಳಲಾಗಲಿಲ್ಲ.

ಪಾಳ್ಯಕ್ಕೆ ಫೋನ್ ಮಾಡಿ, ಅವ್ವನ ಹಣೆಯ ಹಚ್ಚೆಯಲ್ಲಿ ಎಷ್ಟು ಚುಕ್ಕೆ ಎಂದು ಕೇಳಿದೆ. “ಮೂರೋ, ಐದೋ. ದಿನಾ ನೋಡಿದ್ ಮುಖ ಕಣಕ್ಕ, ಎಣ್ಸಿಲ್ಲ ನಾನು.”

ಚಿಕ್ಕವ್ವನನ್ನು ಕೇಳಿ ಹೇಳುತ್ತೇನೆ ಎಂದರು. ಅಕ್ಕತಂಗಿಯರಿಬ್ಬರೂ ಒಂದೇ ದಿನ ಪಕ್ಕಪಕ್ಕದಲ್ಲಿ ಕೂತು ಹಚ್ಚೆ ಹಾಕಿಸಿಕೊಂಡವರಂತೆ. ಅರ್ಧ ಗಂಟೆಗೆ ಫೋನ್ ಬಂತು. ಮೂರೇ. ಅದನ್ನು ಏಜೆಂಟಿಗೆ ಬರೆದು ತಿಳಿಸಿದೆ.

ಹನ್ನೊಂದನೆಯ ದಿನದ ಹಿಂದಿನ ಮಧ್ಯಾಹ್ನ ಆಕೆ ಬಂದರು. ಕವರ್ ಬಿಚ್ಚಿ ನೋಡಿ, ಸೆರಗಿನಲ್ಲಿ ಗಾಜು ಒರೆಸಿದರು. “ಹ್ಞೂ, ಇವ್ಳೇ” ಎಂದು ಎದೆಗೊತ್ತಿಕೊಂಡು ಬಸ್ಸಿಗೆ ಹೋದರು.

ಮೈದುನನಿಗೆ ಫೋನ್ ಮಾಡಿ, ಹಬ್ಬದವರೆಗೆ ಕಾಯಬೇಡ, ಅಂಗಡಿ ಕೊಡುವುದಿಲ್ಲ ಎಂದೆ. ಪಟ್ಟಿಯಲ್ಲಿ ಇನ್ನೂ ಮೂವತ್ತಕ್ಕೂ ಹೆಚ್ಚು ಟೂಲ್‌ಗಳಿದ್ದವು. ಮುಂದಿನದು ಮುಖಕ್ಕೆ ಬೆಳಕು ಕೂಡಿಸುವುದು. ಬಿಸಿಲಲ್ಲಿ ದುಡಿದು ಕಪ್ಪಾದವರನ್ನು ನನ್ನ ಗಂಡ ಯಾವತ್ತೂ ಬೆಳ್ಳಗೆ ಮಾಡಿ ಕೊಟ್ಟಿದ್ದಿಲ್ಲ. ನಾನು ಅದಕ್ಕೆ ಬರೆದಿದ್ದ ಎರಡು ಪದಗಳನ್ನು ಅಳಿಸಿ, ಮೊದಲಿನಿಂದ ಬರೆಯಲು ಕುಳಿತೆ.