ನಾನು ಬಿಚ್ಚಿಸಿದ ಗಂಟು

2022ರ ಜುಲೈನಲ್ಲಿ ನಾನು ಮೂಡಲಗಿ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ ಆಗಿದ್ದೆ. ಗರ್ಭಿಣಿಯರ ಹೆಸರು ನೋಂದಾಯಿಸುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಮನೆಮನೆಗೆ ಭೇಟಿ ಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಹುಕ್ಕೇರಿ ತಾಲೂಕಿನಲ್ಲಿ ಹದಿನೆಂಟು ವರ್ಷ ಇದನ್ನೇ ಮಾಡಿದ್ದೆ. ಆ ಹದಿನೆಂಟು ವರ್ಷಗಳ ಮೇಲೆ ನನಗೆ ಅತಿಯಾದ ನಂಬಿಕೆಯಿತ್ತು.

ಶಿವಲೀಲಾ ಹೆಸರು ಬರೆಸಲು ಬಂದಾಗ ಅವಳಿಗೆ ಇಪ್ಪತ್ಮೂರು ವರ್ಷ. ಎರಡು ತಿಂಗಳು ತುಂಬಿತ್ತು. ದೊಡ್ಡ ಮಗಳು ನಾಲ್ಕು ವರ್ಷದವಳು, ಅಂಗನವಾಡಿಗೆ ಹೋಗುತ್ತಿದ್ದಳು. ಚಿಕ್ಕವಳು ಭಾಗ್ಯಾ, ಒಂದೂವರೆ ವರ್ಷದವಳು, ಕಂಕುಳಲ್ಲಿದ್ದಳು. ಗಂಡ ಗೋಕಾಕದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಅತ್ತೆ ಬೆಳಿಗ್ಗೆಯೇ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು.

"ಭಾಳ ದಣಿವ್ರಿ ಅಕ್ಕಾರ. ಕುಂತಲ್ಲೇ ಕಣ್ಣ ಮುಚ್ಚತಾವ," ಎಂದಳು ಶಿವಲೀಲಾ.

"ಮೂರನೇದ್ದು ಐತಿ, ನಿನಗೇನ್ ಹೊಸಾದ? ತಿಂಗಳೊಪ್ಪತ್ತಿನ್ಯಾಗ ತಾನಾ ಹೋಗ್ತೈತಿ," ಎಂದೆ.

ಗರ್ಭಿಣಿಯ ತಪಾಸಣೆಗಳನ್ನೆಲ್ಲ ಬರೆಯುವ ಪುಸ್ತಕಕ್ಕೆ ನಾವು ತಾಯಿ ಕಾರ್ಡ್ ಎನ್ನುತ್ತೇವೆ. ಅದರಲ್ಲಿ ಹಿಮೋಗ್ಲೋಬಿನ್‌ಗೆ ಒಂದು ಖಾನೆ ಇದೆ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸ್ಟ್ರಿಪ್ ಮೇಲೆ ಹಾಕಿದರೆ ಯಂತ್ರ ಅಂಕಿ ತೋರಿಸುತ್ತದೆ. ಅಂದು ಸ್ಟ್ರಿಪ್‌ಗಳು ಮುಗಿದಿದ್ದವು. ಖಾನೆ ಖಾಲಿ ಇದ್ದರೆ ತಿಂಗಳ ಮೀಟಿಂಗ್‌ನಲ್ಲಿ ಉತ್ತರ ಕೊಡಬೇಕು. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಯಾರೂ ಪ್ರಶ್ನಿಸದಂಥ ಅಂಕಿ, 10.5 ಎಂದು ಅಂದಾಜಿಗೆ ಬರೆದೆ. ಹಾಗೆ ಬರೆದದ್ದು ಅದೇ ಮೊದಲ ಸಲವೂ ಆಗಿರಲಿಲ್ಲ.

ಹತ್ತು ದಿನಗಳ ನಂತರ ಮಧ್ಯಾಹ್ನ ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಶಿವಲೀಲಾ ಹೊಸ್ತಿಲ ಒಳಗೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಹಳೆಯ ಸೀರೆಯ ಪಟ್ಟಿಯೊಂದರ ಒಂದು ತುದಿ ಅವಳ ಮುಂಗೈಗೆ, ಇನ್ನೊಂದು ತುದಿ ಭಾಗ್ಯಾಳ ಸೊಂಟಕ್ಕೆ ಕಟ್ಟಿತ್ತು. ಮಗು ರೊಟ್ಟಿಯ ಚೂರು ಚೀಪುತ್ತ ಕುಳಿತಿತ್ತು.

"ಇದೇನ್ ಆಕಳ ಕರಾ ಏನ, ಹಿಂಗ ಕಟ್ಟಾಕ?" ಎಂದು ಗದರಿದೆ.

ಅವಳು ಗಾಬರಿಯಿಂದ ಎದ್ದಳು. "ಮುಂದ ಕಾಲುವಿ ಐತ್ರಿ ಅಕ್ಕಾರ. ನಿದ್ದಿ ಹತ್ತಿದ್ರೂ ಜಗ್ಗಿದ ಕೂಡ್ಲೆ ಎಚ್ಚರ ಆಗ್ತೈತ್ರಿ."

ಮನೆಯಿಂದ ಕಾಲುವೆಗೆ ಮೂವತ್ತು ಹೆಜ್ಜೆ. ಅದನ್ನು ನೋಡಿಯೂ ಗಂಟು ಬಿಚ್ಚಿಸಿದೆ. ಮಗು ಯಾರ ಹತ್ತಿರ ಇರಬೇಕು ಎಂದು ಮಾತ್ರ ಹೇಳಲಿಲ್ಲ.

ಆ ಗುರುವಾರ ಲಸಿಕೆ ಹಾಕುವ ದಿನ. ಹತ್ತು ಹನ್ನೆರಡು ತಾಯಂದಿರು ಕೂಡಿದ್ದರು. ಮಕ್ಕಳ ಆರೈಕೆಯ ಬಗ್ಗೆ ಹೇಳುತ್ತ, "ಒಬ್ಬಾಕಿ ಅಂತೂ ಮಗೂನ್ನ ಕಟ್ಟಿ ಹಾಕಿ ಮಲ್ಕೊಂಡಿದ್ಲವ್ವಾ," ಎಂದೆ. ಹೆಸರು ಹೇಳಲಿಲ್ಲ. ಆದರೆ ಹೇಳುವಾಗ ನನ್ನ ಕಣ್ಣು ಶಿವಲೀಲಾಳ ಮೇಲಿತ್ತು.

"ಹಗ್ಗಾ ಸಾಕಾಗೇತೇನ, ದನಾ ಕಟ್ಟೂ ದಾವಣಿ ತಂದ್ಕೊಡ್ಲ್ಯಾ?" ಎಂದಳು ಒಬ್ಬಳು, ಅವಳತ್ತ ತಿರುಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಶಿವಲೀಲಾ ಸೆರಗು ಮುಂದಕ್ಕೆ ಎಳೆದುಕೊಂಡಳು.

ನಾಲ್ಕನೆಯ ದಿನ ಆಶಾ ಕಾರ್ಯಕರ್ತೆಯ ಫೋನ್ ಬಂತು. ಭಾಗ್ಯಾ ಕಾಲುವೆಯ ಮೆಟ್ಟಿಲಿಳಿದು ನೀರಿಗೆ ಬಿದ್ದಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೂದಲು ಹಿಡಿದು ಎಳೆದುಕೊಂಡಿದ್ದಳು. ನಾನು ಹೋಗುವಷ್ಟರಲ್ಲಿ ಮಗು ಅತ್ತು ಸುಸ್ತಾಗಿ ತಾಯಿಯ ತೊಡೆಯ ಮೇಲಿತ್ತು. ಉಸಿರಾಟ ಸರಿಯಿತ್ತು.

"ಕಣ್ಣ ಹತ್ತಿದ್ದೂ ಗೊತ್ತಾಗ್ಲಿಲ್ರಿ," ಎಂದಳು ಶಿವಲೀಲಾ. ಮಗುವಿನ ಒದ್ದೆ ಕೂದಲು ಒರೆಸುತ್ತ, "ಅವತ್ತ ಎಲ್ಲಾರೂ ನಕ್ರಲ್ರಿ, ಅದಕ್ಕ ಕಟ್ಟಿರಲಿಲ್ರಿ," ಎಂದಳು. ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು, ಅಷ್ಟೆ.

ಅಂದು ನನ್ನ ಚೀಲದಲ್ಲಿ ಸ್ಟ್ರಿಪ್‌ಗಳಿದ್ದವು. ಅವಳ ಬೆರಳು ಚುಚ್ಚಿದೆ. ಯಂತ್ರ 6.8 ತೋರಿಸಿತು. ಏಳಕ್ಕಿಂತ ಕಡಿಮೆ ಎಂದರೆ ತೀವ್ರ ರಕ್ತಹೀನತೆ. ಅವಳ ನಿದ್ದೆ ಬರೀ ಬಸಿರಿನ ದಣಿವಾಗಿರಲಿಲ್ಲ.

ಅಂದೇ ಗೋಕಾಕದ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ತಾಯಿ ಕಾರ್ಡ್ ನೋಡಿ, "ಎರಡ ವಾರದಾಗ 10.5 ಇದ್ದದ್ದು 6.8 ಹೆಂಗಾತು ಸಿಸ್ಟರ್?" ಎಂದು ಕೇಳಿದರು.

"ಮಷೀನ್ ತಪ್ಪ ತೋರಿಸಿರಬೇಕ್ರಿ ಸರ್," ಎಂದೆ.

ಹಾಸಿಗೆಯ ಮೇಲಿದ್ದ ಶಿವಲೀಲಾ ನನ್ನನ್ನು ನೋಡಿದಳು. ಆಮೇಲೆ ಈ ಬಸಿರಿನಲ್ಲಿ ಅಂದೇ ಮೊದಲ ಸಲ ಚುಚ್ಚಿಸಿಕೊಂಡಿದ್ದ ತನ್ನ ಬೆರಳನ್ನು ನೋಡಿಕೊಂಡಳು.

ಅವಳಿಗೆ ರಕ್ತ ಕೊಟ್ಟರು, ಆಮೇಲೆ ಕಬ್ಬಿಣಾಂಶದ ಚಿಕಿತ್ಸೆ ನಡೆಯಿತು. ಮಧ್ಯಾಹ್ನ ಎರಡು ತಾಸು ಭಾಗ್ಯಾಳನ್ನು ನೋಡಿಕೊಳ್ಳಲು ಅಂಗನವಾಡಿ ಸಹಾಯಕಿ ಒಪ್ಪಿದಳು. ಕೇಳಲು ನನಗೆ ಐದು ನಿಮಿಷ ಸಾಕಾಯಿತು. ದಿನ ತುಂಬಿ ಹೆರಿಗೆ ಸುಸೂತ್ರವಾಯಿತು. ಅದಕ್ಕೂ ಮೊದಲೇ, ಭಾಗ್ಯಾ ನೀರಿಗೆ ಬಿದ್ದ ನಂತರದ ಲಸಿಕೆಯ ದಿನ, ಅದೇ ತಾಯಂದಿರ ಮುಂದೆ, "ಆಕಿ ಕಟ್ಟಿದ್ದು ಮಗೂನ್ನ ಉಳಿಸಾಕ. ನಾ ನಕ್ಕಿದ್ದು ತಪ್ಪ," ಎಂದೆ. ಯಾರೂ ನಗಲಿಲ್ಲ.

10.5ರ ವಿಷಯವನ್ನು ಮಾತ್ರ ಅಂದು ಹೇಳಲಿಲ್ಲ. ನಿವೃತ್ತಿಯಾದ ಮೇಲೆ ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ. ದಣಿವಾಗಿದೆ ಎಂದು ಒಬ್ಬ ತಾಯಿ ಹೇಳಿದರೆ, ಯಂತ್ರಕ್ಕಿಂತ ಮೊದಲು ಬಂದ ವರದಿ ಅದು ಎಂದು ಈ ಕೆಲಸ ನನಗೆ ಕಲಿಸಿತು. ಆ ಘಟನೆಯ ನಂತರ ಸ್ಟ್ರಿಪ್ ಇಲ್ಲದ ದಿನ ನಾನು ಖಾನೆಯನ್ನು ಖಾಲಿ ಬಿಟ್ಟೆ; ಮೀಟಿಂಗ್‌ನಲ್ಲಿ ಬೈಸಿಕೊಂಡೆ. ಆದರೆ ಶಿವಲೀಲಾಳ ಕಾರ್ಡಿನಲ್ಲಿ 10.5 ಇನ್ನೂ ನನ್ನ ಅಕ್ಷರದಲ್ಲೇ ಇದೆ. ಅದು ಸುಳ್ಳೆಂದು ಅವಳಿಗೆ ಆಸ್ಪತ್ರೆಯ ಆ ದಿನದಿಂದಲೂ ಗೊತ್ತಿತ್ತು.