ರುಚಿ ನೋಡದ ಅಡಿಗೆ

ಥಾಯ್ಲೆಂಡಿಗೆ ಹೊರಡುವ ಮೊದಲೇ ನನ್ನ ಹೆಂಡತಿ ಹೇಳಿಬಿಟ್ಟಿದ್ದಳು: ತಿರುಗಾಡಿ ಬಂದ ಮೇಲೆ ಅವಳ ವೀಸಾ ನವೀಕರಿಸುವುದು ಬೇಡ, ಅವಳು ಊರಿಗೆ ಹೋಗುತ್ತಾಳೆ. ಕಿರುಚಾಡಿ ಹೇಳಿದ ಮಾತಲ್ಲ. ನಾನು ಫ್ರೀಜರಿನಿಂದ ಬುಧವಾರದ ಡಬ್ಬಿ ತೆಗೆಯುತ್ತಿದ್ದೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲಿ ನಾನು ಎಂತ ಮಾಡುವುದು ಹೇಳಿ. ಅಡಿಗೆ ನೀವೇ ಮಾಡ್ತೀರಿ. ಪಾತ್ರೆ ತೊಳೆಯುವುದಕ್ಕೂ ಟೈಂ ಬರೆದು ಗೋಡೆಗೆ ಅಂಟಿಸಿದ್ದೀರಿ. ನೆಂಟರ ಮನೆಯಲ್ಲಾದರೂ ಒಂದು ಲೋಟ ಚಾ ಮಾಡಲಿಕ್ಕೆ ಬಿಡ್ತಾರೆ."

"ಚಾ ಮಾಡಬೇಡ ಅಂತ ಯಾರು ಹೇಳಿದ್ದು?"

"ನಾಲ್ಕೂವರೆಗೆ ಮಾಡು ಅಂತ ಹೇಳಿದ್ದೀರಿ. ನನಗೆ ಮೂರಕ್ಕೆ ಬೇಕು."

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದೆ.

ನನ್ನ ಪಕ್ಷವನ್ನೂ ಹೇಳಬೇಕು. ಹದಿನೈದು ವರ್ಷ ಸೇನೆಯ ಉಗ್ರಾಣದಲ್ಲಿದ್ದು, ನಿವೃತ್ತನಾಗಿ, ದೋಹಾದ ಒಂದು ಕಟ್ಟಡ ಕಂಪನಿಗೆ ಸ್ಟೋರ್‌ಕೀಪರ್ ಆಗಿ ಬಂದವನು ನಾನು. ಹೆಂಡತಿ ಮಕ್ಕಳನ್ನು ಕರೆತರುವಷ್ಟು ಸಂಬಳ ಆಗ ಇರಲಿಲ್ಲ. ಮದೀನತ್ ಖಲೀಫಾದ ಒಂದು ಹಳೆಯ ವಿಲ್ಲಾದಲ್ಲಿ ನಾವು ಹತ್ತು ಜನ ಕರಾವಳಿಯವರು ಮೆಸ್ಸು ಮಾಡಿಕೊಂಡಿದ್ದೆವು. ನಾನು ಹೋದಾಗ ಅದು ಮೆಸ್ಸಲ್ಲ, ಸಂತೆ. ಒಬ್ಬ ಒಲೆ ಹಚ್ಚಿಟ್ಟು ಮಲಗಿದರೆ ಇನ್ನೊಬ್ಬ ಸ್ನಾನದ ಮನೆಯಲ್ಲಿ ಮುಕ್ಕಾಲು ಗಂಟೆ. ಮೂರು ತಿಂಗಳಲ್ಲಿ ನಾನು ಅದನ್ನು ಸರಿ ಮಾಡಿದೆ. ಗೋಡೆಗೆ ಒಂದು ಬೋರ್ಡು ಹಾಕಿದೆ. ಶುಕ್ರವಾರ ಬೆಳಿಗ್ಗೆ ಇಡೀ ವಾರದ ಸಾರು, ಗಸಿ, ಪಲ್ಯ ನಾನೇ ಮಾಡುವುದು. ವಾರದ ಹೆಸರು ಬರೆದ ಡಬ್ಬಿಗಳಿಗೆ ತುಂಬುವುದು. ದಿನಕ್ಕೊಂದು ತೆಗೆದು ಬಿಸಿ ಮಾಡುವುದು. ಅನ್ನ ಮಾತ್ರ ಪಾಳಿಯವನದ್ದು. ಉಪ್ಪು, ಖಾರ, ಹುಳಿ ಎಲ್ಲಕ್ಕೂ ಅಳತೆಯ ಚಮಚ. ಅಡಿಗೆ ಮಾಡುವಾಗ ಯಾರೂ ಬಾಯಿಗೆ ಹಾಕಿ ನೋಡಬಾರದು. ನನ್ನ ತಾಯಿ ದೇವರಿಗಿಡುವ ಮೊದಲು ಸೌಟಿನ ವಾಸನೆಯನ್ನೂ ತೆಗೆದುಕೊಂಡವಳಲ್ಲ. ಎಂಜಲಿನ ಆ ನೇಮವನ್ನು ನಾನು ಮೆಸ್ಸಿಗೂ ತಂದೆ. ಇಪ್ಪತ್ತು ವರ್ಷ ಆ ಅಡಿಗೆ ತಿಂದು ಯಾರೂ ಸತ್ತಿಲ್ಲ.

ಎರಡನೆಯ ಮಗಳ ಮದುವೆಯಾದ ಮೇಲೆ ಹೆಂಡತಿಯನ್ನು ಕರೆಸಿಕೊಂಡೆ. ಐನ್ ಖಾಲಿದ್‌ನಲ್ಲಿ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆ, ಒಂದು ಅಡಿಗೆಮನೆ. ಅದೇ ಚಮಚ, ಅದೇ ಡಬ್ಬಿ, ಅದೇ ಶುಕ್ರವಾರ. ಜನ ಹತ್ತರಿಂದ ಎರಡಕ್ಕೆ ಇಳಿದಿತ್ತು, ಅಷ್ಟೆ. ಮೂವತ್ತು ವರ್ಷ ಒಂಟಿಯಾಗಿ ಮನೆ ನಡೆಸಿ ದಣಿದವಳು, ಇಲ್ಲಿ ಕುಳಿತು ಊಟ ಮಾಡಲಿ ಎಂದು ನಾನು ಅಂದುಕೊಂಡಿದ್ದೆ. ಅವಳು ಹಾಗೆ ಅಂದುಕೊಂಡಿರಲಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು, ದೊಡ್ಡ ಈದ್‌ಗೆ ಕಂಪನಿ ಒಂದು ವಾರ ರಜೆ ಕೊಟ್ಟಿತು. ನಮ್ಮ ಹಳೆಯ ಮೆಸ್ಸಿನವನೊಬ್ಬ ಆಗ ಒಂದು ಟ್ರಾವೆಲ್ಸ್ ಕಚೇರಿಯಲ್ಲಿ ಕೂರುತ್ತಿದ್ದ. ನನಗಿಂತ ಹತ್ತು ವರ್ಷ ಸಣ್ಣವನು. ಥಾಯ್ಲೆಂಡಿನ ಪ್ಯಾಕೇಜಿನ ಕಾಗದ ಹಿಡಿದು ಮನೆಗೇ ಬಂದ. "ಅತ್ತಿಗೆ, ಆನೆ ಸವಾರಿ ಉಂಟು, ದ್ವೀಪ ಉಂಟು, ಮೈ ತಿಕ್ಕುವುದುಂಟು. ಅಣ್ಣನ ಸೊಂಟ ಸರಿಯಾದೀತು," ಎಂದ. ಹೆಂಡತಿ ಕಾಗದವನ್ನು ತೆಗೆದುಕೊಂಡು ಕೆಳಗಿನ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಸಾಲಾಗಿ ಒಲೆಗಳು, ಏಪ್ರನ್ ಕಟ್ಟಿಕೊಂಡ ಬಿಳಿಯರು. ಚಿಯಾಂಗ್ ಮಾಯ್, ಎರಡು ದಿನದ ಅಡಿಗೆ ತರಗತಿ.

"ಅಡಿಗೆ ಕಲಿಯಲಿಕ್ಕೆ ಥಾಯ್ಲೆಂಡಿಗೆ ಹೋಗಬೇಕಾ?" ಎಂದೆ.

"ಇಲ್ಲಿ ಒಲೆ ಖಾಲಿ ಇಲ್ಲವಲ್ಲ," ಎಂದಳು. ಟ್ರಾವೆಲ್ಸಿನವನು ನೆಲ ನೋಡಿದ.

ಆ ದೇಶ ನನಗೆ ಮೊದಲ ದಿನವೇ ಹಿಡಿಸಲಿಲ್ಲ. ಬ್ಯಾಂಕಾಕಿನಲ್ಲಿ ಮೂರು ಚಕ್ರದ ಗಾಡಿಯವನು ಹೋಟೆಲಿಗೆ ಹೋಗು ಎಂದರೆ ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋದ. ಕೋಟು ಹೊಲಿಸು ಎಂದು ಅಂಗಡಿಯವನು ನನ್ನ ಭುಜಕ್ಕೆ ಟೇಪು ಹಿಡಿದ. ಮೈ ತಿಕ್ಕುವ ಹೆಂಗಸು ನನ್ನ ಕಾಲನ್ನು ಮಡಚಿದ ರೀತಿಗೆ ಸೇನೆಯ ದಂಡನೆಯೇ ವಾಸಿ. ಬೀದಿಯ ಮೂಲೆಮೂಲೆಯಲ್ಲಿ ಹೊತ್ತು ಗೊತ್ತಿಲ್ಲದೆ ತಿನ್ನುವ ಜನ. ಹೆಂಡತಿಯಂತೂ ಬೆಳಗಿನ ಹತ್ತಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ ಏನಾದರೂ ಕೊಂಡಳು. ಒಂದು ಹಣ್ಣು ನಮ್ಮ ಹಲಸಿನ ತಮ್ಮನ ಹಾಗಿತ್ತು, ವಾಸನೆ ಸತ್ತ ಇಲಿಯದು. ಅವಳು ಎರಡು ತೊಳೆ ತಿಂದಳು. "ಚೆನ್ನಾಗುಂಟು," ಎಂದಳು. ಚೆನ್ನಾಗಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ನನ್ನನ್ನು ಕೆರಳಿಸಲೆಂದೇ ತಿಂದಳೆಂದು ಈಗಲೂ ನನಗೆ ಅನುಮಾನ.

ಅಡಿಗೆ ತರಗತಿ ಚಿಯಾಂಗ್ ಮಾಯ್ ಊರ ಹೊರಗೆ, ಒಂದು ಹೆಂಚಿನ ಚಾವಡಿಯಲ್ಲಿ. ಕಲಿಸುವವಳು ನಮ್ಮ ದೊಡ್ಡ ಮಗಳ ವಯಸ್ಸಿನ ಹೆಂಗಸು. ನನ್ನನ್ನು ಅಂಕಲ್ ಎಂದೇ ಕರೆದಳು. ನಾವಲ್ಲದೆ ಇದ್ದವರು ಒಂದು ವಯಸ್ಸಾದ ಬಿಳಿ ದಂಪತಿ ಮಾತ್ರ. ಪ್ರತಿಯೊಬ್ಬರಿಗೂ ಬೇರೆ ಒಲೆ, ಬೇರೆ ಬಾಣಲೆ, ಬೇರೆ ಕಲ್ಲಿನ ಒರಳು. ಹೆಂಡತಿ ತನ್ನ ಒಲೆಯ ಮುಂದೆ ಹೋಗಿ ನಿಂತಳು, ಗ್ಯಾಸಿನ ಕಿವಿ ತಿರುಗಿಸಿದಳು, ಆರಿಸಿದಳು, ಮತ್ತೆ ತಿರುಗಿಸಿದಳು.

ಮೊದಲ ದಿನ ಮಸಾಲೆ ಕುಟ್ಟುವುದು. ಒಣಮೆಣಸು, ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲು, ಶುಂಠಿ ಜಾತಿಯ ಒಂದು ಗಟ್ಟಿ ಬೇರು. ನಾನು ಹನ್ನೆರಡು ನಿಮಿಷದಲ್ಲಿ ಮುಗಿಸಿ ಕಲ್ಲು ತೊಳೆದಿಟ್ಟೆ. ಹೆಂಡತಿ ಕುಟ್ಟುತ್ತಲೇ ಇದ್ದಳು. ಅವಳ ಒರಳಿನ ಸದ್ದಿಗೆ ಬಿಳಿ ಮುದುಕ ಕೆಲಸ ನಿಲ್ಲಿಸಿ ನೋಡಿದ.

"ಸಾಕು, ಅದು ಕಲ್ಲು. ಒಡೆದೀತು," ಎಂದೆ.

"ನಿಮ್ಮ ಒಲೆ ಅಲ್ಲುಂಟು," ಎಂದಳು.

ಎರಡನೆಯ ದಿನ ತೆಂಗಿನ ಹಾಲಿನ ಸಾರು. ಆ ಊರಿನವರು ಉಪ್ಪಿನ ಬದಲು ಹೆಚ್ಚಾಗಿ ಹಾಕುವುದು ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ಒಂದು ಕಂದು ರಸ. ಟೀಚರು ಅದಕ್ಕೆ ಅಳತೆ ಕೊಡಲಿಲ್ಲ. ಸ್ವಲ್ಪ ಹಾಕಿ, ರುಚಿ ನೋಡಿ, ಮತ್ತೆ ಬೇಕಾದರೆ ಹಾಕಿ ಎಂದಳು. ಅಳತೆ ಇಲ್ಲದೆ ಕಲಿಸುವುದು ಎಂಥ ಕಲಿಸುವುದು? ನಾನು ಎರಡು ಚಮಚ ರಸ ಹಾಕಿದೆ. ಮೇಲೆ ನನ್ನ ಅಭ್ಯಾಸದ ಅಳತೆಯಲ್ಲಿ ಉಪ್ಪು ಹಾಕಿದೆ.

ಟೀಚರು ಸುತ್ತು ಬಂದಳು. "ಅಂಕಲ್, ರುಚಿ ನೋಡಿದಿರಾ?"

ಇಲ್ಲ, ನಮ್ಮಲ್ಲಿ ನೋಡುವುದಿಲ್ಲ ಎಂದೆ. ಬಾಯಿಗಿಟ್ಟ ಚಮಚ ಪಾತ್ರೆಗೆ ಹೋದರೆ ಆ ಅಡಿಗೆ ಕೆಟ್ಟಿತು ಎಂದು ನನ್ನ ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ನಕ್ಕು, ಒಂದು ಡಬ್ಬದ ತುಂಬ ಚಿಕ್ಕ ಪ್ಲಾಸ್ಟಿಕ್ ಚಮಚ ತಂದಿಟ್ಟಳು. ಒಂದು ಚಮಚ, ಒಂದು ಸಲ, ಆಮೇಲೆ ಕಸಕ್ಕೆ. ನನ್ನ ವಾದಕ್ಕೆ ಕಾಲಿಲ್ಲದಂತಾಯಿತು. ಆದರೂ ನಾನು ಮುಟ್ಟಲಿಲ್ಲ. ಹೆಂಡತಿ ಒಂದು ಚಮಚ ತೆಗೆದುಕೊಂಡು ತನ್ನ ಸಾರನ್ನು ನಾಲಿಗೆಗೆ ಹಚ್ಚಿದಳು. ಮದುವೆಯಾದಂದಿನಿಂದ ಅವಳು ಒಲೆಯ ಮುಂದೆ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಎಂಜಲು," ಎಂದೆ.

"ದೇವರಿಗೆ ಇಡುವುದಲ್ಲ ಇದು. ನನ್ನ ಹೊಟ್ಟೆಗೆ." ಇನ್ನೊಂದು ಚಮಚ ತೆಗೆದಳು. ಸ್ವಲ್ಪ ನಿಂಬೆರಸ ಹಿಂಡಿದಳು. ಮತ್ತೊಂದು ಚಮಚ. ಹೀಗೆ ಆರೋ ಏಳೋ.

ಕೊನೆಗೆ ಎಲ್ಲರೂ ಒಂದೇ ಮೇಜಿಗೆ ಕೂತು ಒಬ್ಬರದ್ದನ್ನು ಒಬ್ಬರು ತಿನ್ನುವುದು ಕ್ರಮ. ಬಿಳಿ ಮುದುಕಿ ನನ್ನ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟು, ತಕ್ಷಣ ನೀರಿನ ಲೋಟ ಎತ್ತಿದಳು. ಅವಳ ಗಂಡ ಚಮಚವನ್ನು ಬಟ್ಟಲಿನ ಪಕ್ಕದಲ್ಲೇ ಇಟ್ಟ. ಟೀಚರು ತಿಂದು, ನುಂಗಿ, ಬಹಳ ವಿನಯದಿಂದ ಕೇಳಿದಳು: "ಅಂಕಲ್ ತುಂಬ ಜನರಿಗೆ ಅಡಿಗೆ ಮಾಡುವವರಾ?"

"ಹತ್ತು ಜನರಿಗೆ. ಇಪ್ಪತ್ತು ವರ್ಷ," ಎಂದೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಆಗ ಹೆಂಡತಿ ನನ್ನ ಕಡೆಗೆ ತಿರುಗಿದಳು. "ಅವರಿಗೆ ಹೇಳಿ. ಎರಡು ವರ್ಷದಿಂದ ನಾನು ಇದನ್ನೇ ನುಂಗ್ತಾ ಇದ್ದೇನೆ. ಪ್ರತಿ ದಿನ. ಉಪ್ಪಿನ ಗುಂಡಿಯಲ್ಲಿ ಅದ್ದಿ ತೆಗೆದ ಹಾಗಿರುವ ಸಾರು, ಅದೂ ಆರು ದಿನ ಹಳೆಯದ್ದು. ಹೇಳಿ ಅವರಿಗೆ."

ಟೀಚರು, ಬಿಳಿ ದಂಪತಿ, ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದೆ, "ಶಿ ಈಸ್ ಸೇಯಿಂಗ್ ಥ್ಯಾಂಕ್ ಯೂ."

ಟೀಚರು ಕೈ ಮುಗಿದಳು. ಹೆಂಡತಿ ತಟ್ಟೆಯನ್ನು ದೂಡಿದಳು. "ಥ್ಯಾಂಕ್ಯೂ ಅಂದರೆ ಎಂತ ಅಂತ ಗೊತ್ತಾಗುವಷ್ಟು ನನಗೂ ಇಂಗ್ಲಿಷು ಬರ್ತದೆ," ಎಂದಳು. ವಿಮಾನದಲ್ಲಿ ಬೇಕಾದದ್ದನ್ನು ಗಗನಸಖಿಗೆ ಕೈ ತೋರಿಸಿ ತಾನೇ ಕೇಳಿದಳು.

ಮರುದಿನವೇ ಆಫೀಸಿನಲ್ಲಿ ನಮ್ಮ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡುವವನು, ಮೇಜು ತಟ್ಟಿದ. "ನಿನ್ನ ಮದಾಮ್‌ನ ಪಾಸ್‌ಪೋರ್ಟ್ ಕೊಡು. ವೀಸಾ ಈ ತಿಂಗಳಿಗೆ ಖಲಾಸ್." ಸಂಜೆ ಮನೆಯಲ್ಲಿ ಕೇಳಿದೆ. ಅವಳು ಪಾಸ್‌ಪೋರ್ಟನ್ನು ತನ್ನ ಚೀಲದಲ್ಲಿಟ್ಟು ಚೀಲವನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದಳು.

"ಒಲೆ ಯಾರದ್ದು ಅಂತ ಮೊದಲು ಹೇಳಿ. ಆಮೇಲೆ ಪಾಸ್‌ಪೋರ್ಟು."

"ಮಂಗಳವಾರ, ಶುಕ್ರವಾರ ನೀನು ಮಾಡು. ಉಳಿದ ದಿನ ನಾನು."

"ನಾನು ನಿಮ್ಮ ಮೆಸ್ಸಿನ ಪಾಳಿಯವಳಲ್ಲ."

"ಊರಲ್ಲಿ ಯಾರಿದ್ದಾರೆ ನಿನಗೆ?"

"ಒಲೆ ಉಂಟು."

ನನಗೆ ಸಿಟ್ಟು ತಲೆಗೇರಿತು. ಟ್ರಾವೆಲ್ಸಿನವನಿಗೆ ಫೋನು ಮಾಡಿದೆ. ಎಲ್ಲಕ್ಕೂ ಮೂಲ ಅವನ ಕಾಗದ. ಬೈದು ಮುಗಿಸಿ, ಸಾಕ್ಷಿಗಾಗಿ ಕೇಳಿದೆ: "ನಿಜ ಹೇಳು. ಮೆಸ್ಸಿನಲ್ಲಿ ನನ್ನ ಸಾರು ಹೇಗಿತ್ತು?"

"ಅಣ್ಣ, ಈಗ ಯಾಕೆ ಅದೆಲ್ಲ?"

"ಹೇಳು."

"ಸೈಟಿನಲ್ಲಿ ಬಿಸಿಲಿಗೆ ದುಡಿಯುವ ನಾಲ್ಕು ಜನಕ್ಕೆ ಸರಿ ಆಗ್ತಿತ್ತು. ಬೆವರಿ ಬಂದವರಿಗೆ ಉಪ್ಪು ಬೇಕಲ್ಲ. ನಾವು ಆಫೀಸಿನವರು ಒಂದು ಸೌಟು ಸಾರಿಗೆ ಮೂರು ಸೌಟು ಅನ್ನ ಹಾಕಿಕೊಳ್ತಿದ್ದೆವು. ನೀವು ಊರಿಗೆ ರಜೆಯಲ್ಲಿ ಹೋದ ದಿನ ಡಬ್ಬಿಗಳಿಗೆಲ್ಲ ನೀರು ಬೆರೆಸುವುದು."

"ಅಷ್ಟು ಜನರಲ್ಲಿ ಒಬ್ಬನಿಗೂ ಬಾಯಿರಲಿಲ್ಲವಾ?"

"ನಿಮಗೆ ಹೇಳುವುದಾ, ಮಾರಾಯ್ರೆ? ಅಡಿಗೆಯ ಬಗ್ಗೆ ಮಾತಿಲ್ಲ ಅಂತ ಬೋರ್ಡಿನಲ್ಲಿ ನೀವೇ ಬರೆದದ್ದಲ್ಲವಾ? ಐದನೆಯ ನಿಯಮ."

ನಾಲ್ಕನೆಯದು. ಐದನೆಯದು ಬಾತ್‌ರೂಮಿನ ಬಗ್ಗೆ. ನಾನು ಫೋನಿಟ್ಟೆ.

ಅಡಿಗೆಮನೆಗೆ ಹೋಗಿ ಆ ದಿನದ ಡಬ್ಬಿ ಬಿಸಿ ಮಾಡಿದೆ. ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದಳು. ಬಾಗಿಲು ಸರಿಸಿ, ಒಂದು ಚಮಚ ತೆಗೆದು ಒಲೆಯ ಮುಂದೆ ನಿಂತೇ ಬಾಯಿಗೆ ಹಾಕಿದೆ. ನನ್ನ ನಾಲಿಗೆಗೆ ಸರಿಯಾಗಿಯೇ ಇತ್ತು. ಇವತ್ತು ಕೇಳಿದರೂ ಸರಿಯಾಗಿತ್ತೆಂದೇ ಹೇಳುತ್ತೇನೆ. ಆದರೆ ಬೆನ್ನ ಹಿಂದೆ ನೀರು ಬೆರೆಸಿದ ಐದು ಜನ ಆಫೀಸಿನವರಿದ್ದರು. ನೀರನ್ನೂ ಬೆರೆಸದೆ ಎರಡು ವರ್ಷ ತಿಂದವಳು ಒಬ್ಬಳಿದ್ದಳು. ಉಗ್ರಾಣದಲ್ಲಿ ಆರು ಜನ ಒಂದು ಲೆಕ್ಕ ಹೇಳಿ, ನಾನೊಬ್ಬ ಬೇರೆ ಲೆಕ್ಕ ಹೇಳಿದರೆ, ಪುಸ್ತಕ ತಿದ್ದಬೇಕಾದವನು ನಾನೇ. ಇಷ್ಟವಾಗಿ ತಿದ್ದಬೇಕೆಂದೇನಿಲ್ಲ.

ಗೋಡೆಯ ಮೇಲಿನ ಕಾಗದ ಕಿತ್ತೆ. ಅಂಟಿನ ಕಲೆ ಹೋಗಲಿಲ್ಲ.

"ಒಲೆ ನಿನ್ನದು," ಎಂದೆ. "ಆದರೆ ಫ್ರೀಜರಿನಲ್ಲಿರುವುದನ್ನು ನಾನು ಎಸೆಯುವುದಿಲ್ಲ. ಅನ್ನ ಅದು."

"ಎಸೆಯಲಿಕ್ಕೆ ಯಾರು ಹೇಳಿದರು? ನೀವೇ ತಿನ್ನಿ."

ಐದು ದಿನ ನಾನೇ ತಿಂದೆ. ಎಂಟು ಗಂಟೆಗೆ ನಾನು ನನ್ನ ಡಬ್ಬಿಯೊಂದಿಗೆ ಕೂರುತ್ತಿದ್ದೆ. ನಾನೆದ್ದ ಮೇಲೆ ಅವಳು ಒಲೆ ಹಚ್ಚುತ್ತಿದ್ದಳು. ಒಂದು ದಿನ ಬಂಗುಡೆ, ಒಂದು ದಿನ ತೊಂಡೆಕಾಯಿ. ಒಂದು ದಿನ ಅವಳ ಥಾಯ್ ಸಾರು. ಮಜ್ಜಿಗೆ ಹುಲ್ಲನ್ನು ಎಲ್ಲಿಂದ ತಂದಳೋ ಹೇಳಲಿಲ್ಲ, ನಾನು ಕೇಳಲಿಲ್ಲ. ಬಾ ಎಂದು ಕರೆಯಲಿಲ್ಲ. ನಾನು ಹೋಗಲೂ ಇಲ್ಲ. ಕೋಣೆಯಲ್ಲಿ ಕುಳಿತು ಸುದ್ದಿ ನೋಡಿದೆ. ಒಗ್ಗರಣೆಯ ಸದ್ದಿಗೆ ಸುದ್ದಿ ಓದುವವಳ ಮಾತು ಕೇಳಿಸುತ್ತಿರಲಿಲ್ಲ. ಇದೂ ಬೇಕೆಂದೇ ಎಂದು ನನಗನಿಸಿತು.

ಶುಕ್ರವಾರ ನಾನು ಅಂಗಡಿಗೆ ಹೋಗಲಿಲ್ಲ, ಒಲೆಯ ಬಳಿಗೂ ಹೋಗಲಿಲ್ಲ. ದೋಹಾದಲ್ಲಿ ನನಗೆ ಕೆಲಸವಿಲ್ಲದ ಮೊದಲ ಶುಕ್ರವಾರ. ಬೆಳಿಗ್ಗೆ ಐದಕ್ಕೇ ಎದ್ದು, ಶೂಗಳಿಗೆ ಪಾಲಿಶ್ ಹಾಕಿ, ಮತ್ತೆ ಏನು ಮಾಡುವುದೆಂದು ತಿಳಿಯದೆ ಅವಳ ಚಪ್ಪಲಿಗೂ ಹಾಕಿದೆ. ಮಧ್ಯಾಹ್ನ ಎರಡು ಗಂಟೆಯಾದರೂ ಊಟವಿಲ್ಲ. ಎರಡೂಕಾಲಿಗೆ ಎರಡು ತಟ್ಟೆ ಮೇಜಿನ ಮೇಲಿಟ್ಟಳು. ಒಂದರ ಪಕ್ಕದಲ್ಲಿ ಅವಳ ಪಾಸ್‌ಪೋರ್ಟಿತ್ತು. ಅಂಜಲ್ ಮೀನಿನ ಗಸಿ. ನಾನು ತಿಂದೆ. ಹೇಗಿದೆ ಎಂದು ಅವಳು ಕೇಳಲಿಲ್ಲ. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ. ಎರಡು ಸಲ ಹಾಕಿಸಿಕೊಂಡದ್ದು ಹಸಿವಿನಿಂದ.

ಭಾನುವಾರ ಬೆಳಿಗ್ಗೆ ಪಾಸ್‌ಪೋರ್ಟನ್ನು ಮಂದೂಬ್‌ನ ಮೇಜಿನ ಮೇಲಿಟ್ಟೆ. ಅವನು ಫಾರಂ ತುಂಬುತ್ತ, ತಲೆಯೆತ್ತದೆ ಕೇಳಿದ, "ಎಷ್ಟು ವರ್ಷಕ್ಕೆ? ಒಂದಾ, ಎರಡಾ? ಯಲ್ಲಾ, ಬೇಗ ಹೇಳು."

ಎರಡು ಎನ್ನಲು ಬಾಯಿ ತೆರೆದವನು ನಿಲ್ಲಿಸಿ, ಮನೆಗೆ ಫೋನು ಮಾಡಿದೆ. ತುಂಬ ಹೊತ್ತು ಬಾರಿಸಿದ ಮೇಲೆ ಎತ್ತಿದಳು.

"ವೀಸಾ ಒಂದು ವರ್ಷಕ್ಕಾ, ಎರಡು ವರ್ಷಕ್ಕಾ ಅಂತ ಕೇಳ್ತಾರೆ."

"ಒಂದು ವರ್ಷಕ್ಕೆ ಮಾಡಿಸಿ," ಎಂದಳು. "ನೋಡುವ."

ಫೋನಿಟ್ಟಳು. ಮಂದೂಬ್ ಪೆನ್ನು ಹಿಡಿದು ಕಾಯುತ್ತಿದ್ದ. ನಾನು ಅವನಿಗೆ ಒಂದು ಬೆರಳು ತೋರಿಸಿದೆ.